ಗೆರೆ ದಾಟಿದ ಚೌಕ

ನಮ್ಮ ಪಡಸಾಲೆಯಲ್ಲಿ ಬಾಗಿಲ ಮರೆಗೆ ಒಂದು ಟೈಲ್ಸ್ ಇದೆ. ಮನೆ ಕಟ್ಟಿಸುವಾಗ ನಮ್ಮ ಮಾವನವರು ನೆಲಕ್ಕೆಲ್ಲ ಅಂಥದ್ದೇ ಸಿಮೆಂಟಿನ ಬಣ್ಣದ ಟೈಲ್ಸ್ ಹಾಕಿಸಿದ್ದರು. ನಡುವೆ ಕೆಂಪು ಹೂವು, ಸುತ್ತ ಚೌಕಾಕಾರದ ಕರಿ ಗೆರೆ. ಉಳಿದವೆಲ್ಲ ತುಳಿದು ತುಳಿದು ಸವೆದುಹೋಗಿವೆ. ಬಾಗಿಲ ಮರೆಯದೊಂದು ಮಾತ್ರ ಯಾರ ಕಾಲಿಗೂ ಸಿಗದೆ ಹೊಸದರ ಹಾಗೇ ಉಳಿದಿದೆ. ಕೆಲಗೇರಿಯ ನಮ್ಮ ಓಣಿಯಲ್ಲಿ ಕ್ರೋಶಾ ಕಲಿತ ಹೆಂಗಸರೆಲ್ಲ ಆ ಟೈಲ್ಸಿಗೆ ಹೆದರುತ್ತಾರೆ. ನನಗೂ ಹೆದರುತ್ತಾರೆ, ಆದರೆ ಅದಕ್ಕೆ ಸ್ವಲ್ಪ ಜಾಸ್ತಿ.

ಯಾಕೆಂದರೆ ಯಾರೇ ಚೌಕ ಹೆಣೆದು ತಂದರೂ ನಾನು ಮೊದಲು ಅದನ್ನು ಆ ಟೈಲ್ಸಿನ ಮೇಲೆ ಇಡುತ್ತೇನೆ. ನಾಲ್ಕೂ ಅಂಚು ಕರಿ ಗೆರೆಗೆ ಸರಿಯಾಗಿ ಕೂತರೆ ಪಾಸು. ಗೆರೆ ದಾಟಿತೋ, ಗೆರೆಯ ಒಳಗೇ ನಿಂತಿತೋ, ದಾರದ ತುದಿ ಹಿಡಿದು ಅವರ ಕಣ್ಣೆದುರೇ ಸರ್ರನೆ ಬಿಚ್ಚಿಬಿಡುತ್ತೇನೆ. ಕಲಿಯಲು ಬರುವ ಸಂಗವ್ವ ಒಮ್ಮೆ ಅತ್ತೇಬಿಟ್ಟಳು. ಅವಳಿಗೆ ಚಹಾ ಕೊಟ್ಟು, ಕಣ್ಣೊರೆಸಿಕೊಳ್ಳಲು ಬಿಟ್ಟು, ಅದೇ ದಾರವನ್ನು ಮತ್ತೆ ಕೈಗಿಟ್ಟೆ. ಕೆಟ್ಟವಳು ಅನ್ನಿ, ಬೇಕಾದರೆ. ಆದರೆ ಹೊದಿಕೆಯೆಂದರೆ ಚೌಕಕ್ಕೆ ಚೌಕ ಜೋಡಿಸಿ ಆಗುವಂಥದ್ದು. ಒಂದು ದೊಡ್ಡದು, ಒಂದು ಸಣ್ಣದು ಆದರೆ ಜೋಡಿಸಿದ ಮೇಲೆ ಕರಿದ ಹಪ್ಪಳದ ಹಾಗೆ ಸೊಟ್ಟಪಟ್ಟ ಎದ್ದು ನಿಲ್ಲುತ್ತದೆ. ಅಂಥದ್ದನ್ನು ಹೊದೆಯಲೂ ಬರುವುದಿಲ್ಲ, ಹಾಸಲೂ ಬರುವುದಿಲ್ಲ.

ನಾನು ಲಕ್ಷ್ಮೀಬಾಯಿ. ಮಗನೂ ಸೊಸೆ ಋತುಜಾಳೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದ ಮೇಲೆ ಪಡಸಾಲೆ ನನ್ನ ರಾಜ್ಯ. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಓಣಿಯ ಹೆಂಗಸರು ಬರುತ್ತಾರೆ. ಕೂಸಿಗೆ ಕುಲಾವಿ, ಬಾಗಿಲಿಗೆ ತೋರಣ, ಮೊಬೈಲಿಗೆ ಚೀಲ, ಜಡೆಗೆ ಉಲ್ಲನ್ನಿನ ಹೂವು, ಯಾರಿಗೆ ಏನು ಬೇಕೋ ಅದನ್ನು ಹೆಣೆಯುತ್ತೇವೆ. ಕೈ ಹೆಣೆಯುತ್ತಿದ್ದರೆ ಬಾಯಿ ಸುಮ್ಮನಿರಬೇಕೆಂದೇನೂ ಇಲ್ಲ. ಓಣಿಯ ಸುದ್ದಿಯೆಲ್ಲ ಮೊದಲು ನಮ್ಮಲ್ಲಿ ಬಂದು ಆಮೇಲೆ ಅವರವರ ಮನೆಗೆ ಹೋಗುತ್ತದೆ.

ದಾನವ್ವ ಎದುರುಮನೆಯವಳು. ಮಗ ಅಮರೇಶ ಇಲ್ಲಿ ಮನೆ ಕಟ್ಟಿಸಿದ ಮೇಲೆ ಉಪ್ಪಿನಬೆಟಗೇರಿಯಿಂದ ಬಂದಳು. ಹಳೆ ಸೀರೆಗಳನ್ನು ಪದರ ಪದರ ಇಟ್ಟು ಕೌದಿ ಹೊಲಿಯುವುದರಲ್ಲಿ ಬೆಳೆದ ಕೈ ಅವಳದು. ಅವಳಿಗೆ ಕ್ರೋಶಾ ಕಲಿಸಿದವಳು ನಾನೇ. ಎಲ್ಲ ಕಲಿತಳು, ಒಂದನ್ನು ಬಿಟ್ಟು. ನಾನು ಚೌಕ ಶುರುಮಾಡುವಾಗ ನಾಲ್ಕು ಸರಪಳಿ ಹೆಣೆದು ಅವನ್ನೇ ಉಂಗುರ ಮಾಡುತ್ತೇನೆ. ನಡುವೆ ಒಂದು ತೂತು ಉಳಿಯುತ್ತದೆ, ಒಂದು ಹೆಸರುಕಾಳು ಹೋಗುವಷ್ಟು. ದಾನವ್ವನಿಗೆ ತೂತು ಕಂಡರಾಗುವುದಿಲ್ಲ. ಅವಳು ದಾರವನ್ನು ಬೆರಳಿಗೆ ಸುತ್ತಿಕೊಂಡು ಶುರುಮಾಡಿ, ಕೊನೆಗೆ ಜಗ್ಗಿ ನಡುವನ್ನು ಪೂರಾ ಮುಚ್ಚಿಬಿಡುತ್ತಾಳೆ.

"ತೂತಿನ ಕೌದಿ ಹೊಚ್ಚಿಕೊಂಡ್ರ ಥಂಡಿ ಸೀದಾ ಎದಿಗೇ ಬಂದು ಕೂಡತೈತ್ರಿ ಬಾಯಾರ," ಎನ್ನುತ್ತಾಳೆ.

"ಕ್ರೋಶಾ ಅಂದ್ರನ ತೂತಿನ ಕೆಲಸ, ದಾನವ್ವಾರ. ತೂತು ಬ್ಯಾಡಾದ್ರ ಕಂಬಳಿ ಹೊಚ್ಕೋರಿ," ಎನ್ನುತ್ತೇನೆ ನಾನು. ಈ ಜಗಳ ನಮ್ಮಿಬ್ಬರಿಗೂ ರೂಢಿ. ಆ ಜಗಳವಾಗದ ದಿನ ಚಹಾ ಸಪ್ಪಗೆ ಅನಿಸುತ್ತದೆ.

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವವಳು ಭಾಗ್ಯಾ. ಗಂಡ ಅಮರಗೋಳದ ಎಪಿಎಂಸಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವಳಿಗೆ ತಾಯಿಯಿಲ್ಲ, ಅಪ್ಪನೂ ಇಲ್ಲ. ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗಿ. ಬಸುರಿಯಾದಾಗ ಅವಳಿಗೆ ಸೀಮಂತದ ಕುಬಸ ಮಾಡಿದವರು ನಾವೇ. ಹಸಿರು ಬಳೆ ತೊಟ್ಟು, ಹಸಿರು ಸೀರೆ ಉಟ್ಟು ಕೂತವಳು ಆರತಿ ಮುಗಿದ ಮೇಲೆ ನನ್ನ ಸೆರಗು ಹಿಡಿದುಕೊಂಡಳು.

"ಆಯಿ, ಚೊಚ್ಚಲ ಕೂಸಿಗೆ ತವರಮನ್ಯಾಗಿಂದ ಹೊದಿಕಿ ಬರ್ತದಂತ. ನನಗ ಎಲ್ಲಿಂದ ಬರಬೇಕು? ನೀವ ಹಾಕಿಕೊಡ್ರಿ. ನಿಮ್ಮ ಕೈದು ಬೇಕು ನನಗ."

ಅವಳ ಕೆನ್ನೆ ತಟ್ಟಿ, "ಹಾಕಿಕೊಡ್ತೀನಿ ತಗೋವಾ," ಎಂದೆ. ಎಲ್ಲರೂ ಸೇರಿ ಮಾಡೋಣ ಎಂದಾಯಿತು. ಸುಭಾಷ ರಸ್ತೆಯಿಂದ ಉಲ್ಲನ್ ತಂದೆವು. ನನಗೆ ಅರಿಶಿಣ, ದಾನವ್ವನಿಗೆ ಕುಸುಬಿ ಹೂವಿನ ಬಣ್ಣ, ಸಂಗವ್ವನಿಗೆ ಗಿಳಿಹಸಿರು. ಜೋಡಿಸುವುದಕ್ಕೆ ಬಿಳಿ.

ದಾನವ್ವ ಅವತ್ತೇ ಒಂದು ತಕರಾರು ತೆಗೆದಳು. ಅವಳ ತವರಿನಲ್ಲಿ ಒಂದು ಪದ್ಧತಿಯಂತೆ. ಕೌದಿಯ ಕೊನೆಯ ಅಂಚು ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ.

"ಹಸದ ಕೌದಿ ಕೂಸಿಗಿ ಹೊಚ್ಚಬಾರದ್ರಿ. ನಮ್ಮವ್ವ ಹೇಳ್ತಿದ್ಲು."

"ಪದರ ಇದ್ದದ್ದಕ್ಕ ಹೊಟ್ಟಿ ಇರ್ತದ. ಇದು ಒಂದ ಪದರದ್ದು, ಮ್ಯಾಲೆ ತೂತು ಬ್ಯಾರೆ. ಎಲ್ಲಿಡ್ತೀರಿ ರೊಟ್ಟಿ?" ಎಂದು ನಾನು ನಕ್ಕೆ. ಎಲ್ಲರೂ ನಕ್ಕರು. ದಾನವ್ವ ನಗಲಿಲ್ಲ. "ಹೊಟ್ಟಿ ಇಲ್ಲದ ಕೌದಿ, ಏನ ಕೌದಿನೋ," ಎಂದು ಗೊಣಗಿಕೊಂಡು ಸೂಜಿ ಎತ್ತಿಕೊಂಡಳು.

ಶ್ರಾವಣದಲ್ಲಿ ಬಚ್ಚಲಲ್ಲಿ ಕಾಲು ಜಾರಿತು. ಬಿದ್ದದ್ದು ಬಲಗೈ ಮೇಲೆ. ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ತೆಗೆದಾಗ ಕೈ ಕೈಯಾಗಿಯೇ ಇತ್ತು, ಬೆರಳಿನಲ್ಲಿ ಮಾತ್ರ ಹಿಡಿತವಿರಲಿಲ್ಲ. ಡಾಕ್ಟರು ಒಂದು ರಬ್ಬರಿನ ಚೆಂಡು ಕೊಟ್ಟು ಹಿಸುಕುತ್ತಿರಿ ಎಂದರು. ಹಿಸುಕಿದೆ. ಟಿ.ವಿ. ನೋಡುತ್ತ, ದೇವರ ನಾಮ ಹೇಳುತ್ತ, ಋತುಜಾಳ ಅಡುಗೆಗೆ ಹೆಸರಿಡುತ್ತ ಹಿಸುಕಿದೆ. ನನ್ನ ಬೆರಳುಗಳು ಕಚೇರಿಯ ಜವಾನರ ಹಾಗಾಗಿದ್ದವು, ಕರೆದರೆ ಬರುತ್ತಿದ್ದವು, ಕೆಲಸ ಮಾತ್ರ ಅವುಗಳ ಮನಸ್ಸಿಗೆ ಬಂದಷ್ಟು.

ಆದರೂ ಸೂಜಿ ಹಿಡಿದೆ. ಭಾಗ್ಯಾಳಿಗೆ ಮಾತು ಕೊಟ್ಟಾಗಿತ್ತು. ಅರಿಶಿಣ ಬಣ್ಣದ ಮೊದಲ ಚೌಕ ಮುಗಿಸಿ ನೋಡಿದರೆ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಮಧ್ಯಾಹ್ನ ಎಲ್ಲರೂ ಬಂದಾಗ ರೂಢಿಯಂತೆ ಟೈಲ್ಸಿನ ಮೇಲೆ ಇಟ್ಟೆ. ಹೆಣಿಗೆ ಸಡಿಲ ಬಿದ್ದು ನಾಲ್ಕೂ ಕಡೆಯಿಂದ ಒಂದೊಂದು ಬೆರಳಿನಷ್ಟು ಗೆರೆ ದಾಟಿತ್ತು. ಕರಿ ಗೆರೆ ಕಾಣಿಸಲೇ ಇಲ್ಲ.

ಸಂಗವ್ವ, ನನ್ನಿಂದ ಎಷ್ಟೋ ಸಲ ಬಿಚ್ಚಿಸಿಕೊಂಡ ಸಂಗವ್ವ, ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೆರೆ ಮೇಲಿನ ಗಾಳಿ ಎಷ್ಟು ತಂಪು ಎಂದಳು. ಅವಳು ನಕ್ಕಿದ್ದರೆ ಚೆನ್ನಾಗಿತ್ತು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ಛೇಡಿಸಿದ್ದರೆ ಇನ್ನೂ ಚೆನ್ನಾಗಿತ್ತು.

"ಛಲೋ ಆಗೇತ್ರಿ ಬಾಯಾರ," ಎಂದಳು ದಾನವ್ವ. ಚೌಕವನ್ನು ಮೆಲ್ಲಗೆ ಎತ್ತಿ ಬುಟ್ಟಿಗೆ ಹಾಕಿದಳು.

ಛಲೋ ಅಂತೆ! ಇಷ್ಟು ವರ್ಷದಲ್ಲಿ ದಾನವ್ವ ನನ್ನ ಕೆಲಸಕ್ಕೆ ಛಲೋ ಅಂದದ್ದಿಲ್ಲ. ತೂತು ದೊಡ್ಡದಾಯಿತು ಅಂದಿದ್ದಾಳೆ, ಬಣ್ಣ ಕಣ್ಣಿಗೆ ಹೊಡೀತದ ಅಂದಿದ್ದಾಳೆ. ಒಮ್ಮೆಲೇ ಛಲೋ ಅಂದರೆ ಅದು ಹೊಗಳಿಕೆಯಲ್ಲ, ಕನಿಕರ. ನನಗೆ ಕನಿಕರ ಅಂದರೆ ಜ್ವರದ ಕಷಾಯಕ್ಕಿಂತ ಕಹಿ. ಮರುದಿನ ಇನ್ನೊಂದು ಹೆಣೆದೆ, ಮತ್ತೊಂದು ಹೆಣೆದೆ. ಟೈಲ್ಸಿನ ಮೇಲೆ ಮಾತ್ರ ಇಡಲಿಲ್ಲ, ನೇರವಾಗಿ ಬುಟ್ಟಿಗೆ ಹಾಕುತ್ತ ಹೋದೆ. ನಾಳೆ ಬಿಗಿ ಬಂದೀತು, ನಾಡಿದ್ದು ಬಂದೀತು ಎಂದು. ನನ್ನ ಪಾಲಿನ ಚೌಕಗಳು ಮುಗಿದವು, ಬಿಗಿ ಬರಲಿಲ್ಲ.

ಭಾಗ್ಯಾಳಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಇನ್ನು ಜೋಡಿಸಲು ಶುರುಮಾಡಬೇಕೆಂದು ಒಂದು ಬೆಳಿಗ್ಗೆ ಬುಟ್ಟಿ ಸುರಿದುಕೊಂಡು ಕೂತೆ. ನನ್ನ ಅರಿಶಿಣದ ಚೌಕಗಳನ್ನು ಬೇರೆ ಮಾಡಿದೆ. ಧೈರ್ಯ ಮಾಡಿ ಒಂದನ್ನು ಟೈಲ್ಸಿನ ಮೇಲಿಟ್ಟೆ.

ಗೆರೆಗೆ ಸರಿಯಾಗಿ ಕೂತಿತು. ಇನ್ನೊಂದು ಇಟ್ಟೆ. ಅದೂ ಕೂತಿತು.

ಒಂದು ಕ್ಷಣ, ಸುಳ್ಳೇಕೆ ಹೇಳಲಿ, ನನ್ನ ಕೈಯೇ ಸರಿಹೋಗಿದೆ ಎಂದು ಹಿಗ್ಗಿದೆ. ಆಮೇಲೆ ಚೌಕವನ್ನು ಬೆಳಕಿಗೆ ಹಿಡಿದೆ. ನಡುವೆ ತೂತಿಲ್ಲ! ಒಂದರಲ್ಲೂ ಇಲ್ಲ. ಎಲ್ಲ ನಡುಗಳೂ ದಾರ ಜಗ್ಗಿ ಮುಚ್ಚಿದ ನಡುಗಳು. ಓಣಿಯಲ್ಲಿ ಹಾಗೆ ಮುಚ್ಚುವ ಕೈ ಒಂದೇ.

ಸಿಟ್ಟು ಬಂತು ಎಂದರೆ ಸಣ್ಣ ಮಾತಾಯಿತು. ನನ್ನ ಚೌಕಗಳನ್ನು ಕದ್ದು ಒಯ್ದು, ಬಿಚ್ಚಿ, ಅದೇ ದಾರದಲ್ಲಿ ತಾನು ಹೆಣೆದು, ಗೊತ್ತಾಗದ ಹಾಗೆ ಬುಟ್ಟಿಗೆ ತಂದು ಹಾಕಿದ್ದಾಳೆ! ಅಂದರೆ ಆ ಕೂಸಿನ ಹೊದಿಕೆಯಲ್ಲಿ ನನ್ನದು ಒಂದೆಳೆಯೂ ಇಲ್ಲ. ನಿಮ್ಮ ಕೈದು ಬೇಕು ಎಂದು ಸೆರಗು ಹಿಡಿದವಳಿಗೆ ನಾನು ಯಾವ ಮುಖ ತೋರಿಸಲಿ? ಇದು ನಂದು ಎಂದು ಯಾವುದನ್ನು ಬೆರಳಿಟ್ಟು ತೋರಿಸಲಿ? ಸಿಟ್ಟಿನ ಕೆಳಗೆ ಹೆದರಿಕೆಯಿತ್ತು. ಇನ್ನು ಮುಂದೆ ಹೀಗೆಯೇ, ನಾನು ಹೆಣೆಯುವುದು, ಇವರು ಹಿಂದಿನಿಂದ ಬಿಚ್ಚುವುದು, ಎಲ್ಲರೂ ಛಲೋ ಅನ್ನುವುದು. ಅದಕ್ಕಿಂತ ಸೂಜಿಯನ್ನು ಕೆಲಗೇರಿ ಕೆರೆಗೆ ಎಸೆಯುವುದು ಮೇಲು.

ಮಧ್ಯಾಹ್ನ ಬಾಗಿಲು ಹಾಕಿಕೊಂಡೆ. ಅವತ್ತು ಋತುಜಾಳಿಗೆ ರಜೆ. ಹೊರಗೆ ಬಂದವರಿಗೆಲ್ಲ, "ಅತ್ಯಾರಿಗೆ ಮೈ ಸರಿ ಇಲ್ಲರಿ," ಎಂದು ಹೇಳಿ ಕಳಿಸಿದಳು. ಒಳಗೆ ಬಂದು, "ಮೈ ಸರಿ ಇಲ್ಲೋ, ಮಾರಿ ಸರಿ ಇಲ್ಲೋ?" ಎಂದಳು. ಅವಳು ನಗುತ್ತ ಹೋಗಿ ಚಹಾಕ್ಕಿಟ್ಟಳು.

ಎಲ್ಲರೂ ಹೋದರು, ದಾನವ್ವ ಹೋಗಲಿಲ್ಲ. ಹಿತ್ತಲ ಬಾಗಿಲಿನಿಂದ ಬಂದಳು, ಕೈಯಲ್ಲಿ ಅರಿವೆ ಸುತ್ತಿದ ಖಡಕ್ ರೊಟ್ಟಿ. ಮೈ ಸರಿಯಿಲ್ಲದವರಿಗೆ ಖಡಕ್ ರೊಟ್ಟಿ ತರುವವಳು ಅವಳೊಬ್ಬಳೇ.

"ದಾನವ್ವಾ, ನನ್ನ ಚೌಕ ಎಲ್ಲಿ?" ಎಂದೆ. ಸಿಟ್ಟಿನಲ್ಲಿ ಬಹುವಚನ ಎಲ್ಲೋ ಹಾರಿಹೋಗಿತ್ತು.

"ಬುಟ್ಟ್ಯಾಗ ಅದಾವಲ್ರಿ ಬಾಯಾರ."

"ಅವು ನಿನ್ನವು. ನಡುವ ತೂತಿಲ್ಲ. ನನ್ನವು ಎಲ್ಲಿ?"

ದಾನವ್ವ ರೊಟ್ಟಿಯ ಗಂಟು ಕೆಳಗಿಟ್ಟು ನನ್ನೆದುರು ಕೂತಳು. ಸುಳ್ಳು ಹೇಳಲಿಲ್ಲ.

"ಬಿಚ್ಚಿದ್ನಿರಿ. ಗೆರಿ ದಾಟಿದ್ವು. ದಾಟಿದ್ದು ಬಿಚ್ಚಬೇಕಂತ ನನಗ ಕಲಿಸಿದವ್ರು ಯಾರು?"

ಮಾಡಿದ್ದುಣ್ಣೋ ಮಾರಾಯ ಎಂದು ಇದಕ್ಕೇ ಅನ್ನುವುದು. ಆದರೂ ಸೋಲುವ ಪೈಕಿ ಅಲ್ಲ ನಾನು.

"ಬಿಚ್ಚೂದಿದ್ರ ನನ್ನ ಮುಂದ ಬಿಚ್ಚಬೇಕಿತ್ತು. ನಾ ಯಾರದನ್ನೂ ಕದ್ದು ಬಿಚ್ಚಿಲ್ಲ."

"ಅದು ಖರೇ ಐತ್ರಿ. ಕದ್ದು ಬಿಚ್ಚಿದ್ದು ನಂದು ತಪ್ಪು." ಅವಳ ದನಿ ಇಳಿಯಿತು. "ಪ್ಲಾಸ್ಟರ್ ತಗದ ದಿನ ನೀವು ಸೂಜಿ ಹಿಡಕೊಂಡು ಕುಂತಿದ್ದು ನಮ್ಮ ಕಿಡಕ್ಯಾಗಿಂದ ನೋಡೇನ್ರಿ. ಸೂಜಿ ಕೈ ಜಾರಿ ಬೀಳೂದು, ನೀವು ಎತ್ತಿಕೊಳ್ಳೂದು, ಮತ್ತ ಬೀಳೂದು. ಅಷ್ಟು ಒದ್ದಾಡಿ ಹಾಕಿದ್ದನ್ನ ನಿಮ್ಮ ಮಾರಿ ಮುಂದ ಎಳಿಯಾಕ ನನಗ ಧೈರ್ಯ ಬರಲಿಲ್ರಿ. ಹಂಗ ಬಿಟ್ರ ಕೂಸಿನ ಕೌದಿ ಸೊಟ್ಟ ಆಗ್ತಿತ್ತು. ನಾ ಏನ ಮಾಡಲಿ, ನೀವ ಹೇಳ್ರಿ."

ಋತುಜಾ ಚಹಾ ತಂದಿಟ್ಟು, ಇಬ್ಬರ ಮುಖ ನೋಡಿ, ಸದ್ದಿಲ್ಲದೆ ಒಳಗೆ ಹೋದಳು.

ದಾನವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗಿನಿಂದ ಅರಿಶಿಣ ಬಣ್ಣದ ಚೌಕವೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು. ನಾನು ಮೊದಲು ಹೆಣೆದದ್ದು. ನಡುವೆ ಹೆಸರುಕಾಳಿನ ತೂತು, ಅಂಚೆಲ್ಲ ಸಡಿಲ.

"ಇದೊಂದು ಬಿಚ್ಚಾಕ ಕೈ ಬರಲಿಲ್ರಿ. ದಾರದ ತುದಿ ಹಿಡದಿದ್ನಿ, ಬಿಟ್ಟೆ. ನೀವ ಬಿಚ್ರಿ, ನಿಮ್ಮದು ನೀವು."

ಎದ್ದು ಟೈಲ್ಸಿನ ಹತ್ತಿರ ಹೋಗಿ ಕೂತೆ. ಅಲ್ಲಿ ಬೆಳಿಗ್ಗೆ ಹೋಲಿಸಿ ನೋಡಲು ನಾನೇ ಕೊನೆಗೆ ಇಟ್ಟಿದ್ದ ದಾನವ್ವನದೊಂದು ಚೌಕವಿತ್ತು, ಕುಸುಬಿ ಹೂವಿನ ಬಣ್ಣದ್ದು, ಗೆರೆಗೆ ಸರಿಯಾಗಿ ಅಂಟಿಕೊಂಡ ಹಾಗೆ. ಅದನ್ನು ಸರಿಸಲೂ ಮನಸ್ಸಾಗಲಿಲ್ಲ. ಅದರ ಮೇಲೆಯೇ ನನ್ನದನ್ನು ಇಟ್ಟೆ. ನಿಯಮ ಎಂದರೆ ನಿಯಮ. ಎಷ್ಟು ಜನರದು ಬಿಚ್ಚಿಲ್ಲ ನಾನು! ದಾರದ ತುದಿ ಹುಡುಕಿ ಹಿಡಿದೆ. ಕಣ್ಣು ಮಂಜಾಯಿತು, ಅದಕ್ಕೆ ವಯಸ್ಸನ್ನು ದೂರುವುದಿಲ್ಲ.

ಎಳೆಯುವ ಮೊದಲು ಒಮ್ಮೆ ನೋಡೋಣವೆಂದು ನನ್ನ ಚೌಕದ ಅಂಚುಗಳನ್ನು ಕೆಳಗಿನ ಚೌಕದ ಅಂಚಿಗೆ ಬೆರಳಿನಿಂದ ಒತ್ತಿ ತಂದೆ. ಸಡಿಲಾಗಿತ್ತಲ್ಲ, ಮಾತು ಕೇಳಿತು. ನಾಲ್ಕೂ ಕಡೆ ಅಂಚಿಗೆ ಅಂಚು ಕೂತಿತು. ಹೆಚ್ಚಾಗಿದ್ದದ್ದೆಲ್ಲ ನಡುವಿಗೆ ಬಂದು ಉಬ್ಬಿ ನಿಂತಿತು.

ಅಂಗೈಯಿಂದ ಅದನ್ನು ಒತ್ತಿದೆ. ತಗ್ಗಿ ಮತ್ತೆ ಎದ್ದಿತು. ಕೆಳಗೆ ಒಂದು ಪದರ, ಮೇಲೆ ಒಂದು ಪದರ, ನಡುವೆ ಜಾಗ.

"ದಾನವ್ವಾ," ಎಂದೆ, "ರೊಟ್ಟಿ ತಂದೀಯಲ್ಲ, ಒಂದು ಚೂರು ಮುರಿ."

"ಉಣ್ತೀರೇನ್ರಿ?"

"ನಾ ಅಲ್ಲ. ಇಲ್ಲಿ ನೋಡು. ನಿನ್ನ ಕೌದಿಗೆ ಹೊಟ್ಟಿ ಬಂತು."

ಅವಳು ಬಗ್ಗಿ ನೋಡಿದಳು. ಉಬ್ಬಿದ ಚೌಕವನ್ನು ಒಂದು ಬೆರಳಿನಿಂದ ಮುಟ್ಟಿದಳು. ಆಮೇಲೆ ನೆಲದ ಮೇಲೆ ಪೂರಾ ಕೂತು, ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನನಗೂ ನಗು ಬಂತು. ಇಬ್ಬರು ಮುದುಕಿಯರು ಬಾಗಿಲ ಮರೆಯಲ್ಲಿ ಕೂತು ನಗುವುದನ್ನು ಕೇಳಿ ಋತುಜಾ ಓಡಿ ಬಂದಳು.

ವಿಷಯ ತಿಳಿದ ಮೇಲೆ ಅವಳದೊಂದು ಪ್ರಶ್ನೆ. "ಅಲ್ಲ ಅತ್ಯಾರ, ರೊಟ್ಟಿ ಇಟ್ರ ಇರುವಿ ಬರೂದಿಲ್ಲೇನು? ತೊಳಿಯೂ ಮುಂದ ಏನ ಮಾಡ್ತೀರಿ?"

"ಅರಿವ್ಯಾಗ ಕಟ್ಟಿ ಇಡೂದವಾ," ಎಂದಳು ದಾನವ್ವ. "ಒಂದು ಬಾಜು ಸಡಿಲ ಹೊಲಿಗಿ. ತೊಳಿಯೂ ಮುಂದ ತಗಿಯೂದು, ಒಣಗಿದ ಮ್ಯಾಲೆ ಹೊಸಾ ರೊಟ್ಟಿ ಇಡೂದು. ಕೂಸಿಗಿ ಒಂದ ಸಲ ಉಣಿಸಿ ಸುಮ್ನ ಕೂಡ್ತೀರೇನು?"

ಬಿಳಿ ದಾರದಿಂದ ಹೊದಿಕೆಯನ್ನು ಎಲ್ಲರೂ ಸೇರಿ ಜೋಡಿಸಿದೆವು. ನಟ್ಟನಡುವೆ ದಾನವ್ವನ ಕುಸುಬಿ ಚೌಕ, ಅದರ ಮೇಲೆ ನನ್ನ ಅರಿಶಿಣದ ಚೌಕ. ಅದನ್ನು ಮಾತ್ರ ನಾನೇ ಹೊಲಿದೆ. ಸೂಜಿ ಕೈ ಜಾರಿದಾಗೆಲ್ಲ ದಾನವ್ವ ಎತ್ತಿಕೊಟ್ಟಳು. ತೊಟ್ಟಿಲ ದಿನ ಹೊದಿಕೆ ಬಿಡಿಸಿ ಹಾಸಿದಾಗ ಭಾಗ್ಯಾ ಅದನ್ನು ಸವರಿ ನೋಡಿ, ಆ ಉಬ್ಬಿನ ಮೇಲೆ ಕೈಯಿಟ್ಟು, "ಇದು ನಿಮ್ಮದು, ಹೌದಿಲ್ಲೋ ಆಯಿ?" ಎಂದಳು. ನಾನು ಹೇಳುವುದೇ ಬೇಕಾಗಲಿಲ್ಲ.

ಈಗ ಆ ಕೂಸಿಗೆ ಮಗುಚಿ ಬೀಳುವ ವಯಸ್ಸು. ಮಧ್ಯಾಹ್ನ ಭಾಗ್ಯಾ ಅವಳನ್ನೂ ಕರೆದುಕೊಂಡು ಕೆಳಗೆ ಬರುತ್ತಾಳೆ. ಗಾಳಿ ತಾಗದಿರಲೆಂದು ಬಾಗಿಲ ಮರೆಯಲ್ಲಿಯೇ ಹೊದಿಕೆ ಹಾಸಿ ಮಲಗಿಸುತ್ತಾಳೆ. ಅಂದರೆ ಟೈಲ್ಸ್ ಅಡಿಗೆ ಬಿತ್ತು. ನಿನ್ನೆ ಸಂಗವ್ವ ಹೊಸ ಚೌಕವೊಂದನ್ನು ತಂದು, ಅಳೆಯಲಿಕ್ಕೆ ಜಾಗವಿಲ್ಲದ್ದನ್ನು ನೋಡಿ, ನನ್ನ ಮುಖ ನೋಡಿದಳು. ಚೌಕ ಒಂದು ಬದಿ ದೊಡ್ಡದಾದದ್ದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು.

"ಕೂಸು ಏಳಲಿ ತಡಿ," ಎಂದೆ.

ಕೂಸು ಏಳುವ ಹಾಗೆ ಕಾಣಲಿಲ್ಲ. ನಿದ್ದೆಯಲ್ಲಿ ಹೊಟ್ಟೆಯ ಮೇಲೆ ಮಗುಚಿಕೊಂಡು, ಬಲಗೈ ಚಾಚಿ, ತೋರುಬೆರಳನ್ನು ನನ್ನ ಚೌಕದ ನಡುವಿನ ತೂತಿನೊಳಗೆ ಹಾಕಿಕೊಂಡಿತ್ತು. ದಿನಾ ಹಾಗೆಯೇ ಅಂತೆ. ಬೆರಳು ಅದರೊಳಗೆ ಹೋಗುವ ತನಕ ಅಳುತ್ತದೆ, ಹೋದ ಮೇಲೆ ಮಲಗುತ್ತದೆ. ಭಾಗ್ಯಾ ಹೇಳಿದ್ದು.

ದಾನವ್ವ ಸೂಜಿ ನಿಲ್ಲಿಸಿ ಅದನ್ನೇ ನೋಡಿದಳು.

"ಬಾಯಾರ," ಎಂದಳು, "ಆ ತೂತು ಹ್ಯಾಂಗ ಹಾಕ್ತೀರಿ, ಇನ್ನೊಮ್ಮೆ ತೋರಸ್ರಿ."

ಅವಳ ಕೈಯಿಂದ ದಾರ ತೆಗೆದುಕೊಂಡೆ. ನಾಲ್ಕು ಸರಪಳಿ ಹೆಣೆದೆ, ಸಡಿಲಾಗಿಯೇ ಬಂದವು. ಉಂಗುರ ಮಾಡಿ ಅವಳ ಕೈಗಿಟ್ಟೆ. ಅವಳು ಜಗ್ಗಿ ಮುಚ್ಚಲಿಲ್ಲ. ನನಗೆ ಆದ ಸಂತೋಷವನ್ನು ಅವಳೆದುರು ತೋರಿಸಿಕೊಳ್ಳಬಾರದೆಂದು, "ಇಷ್ಟ ವರ್ಷಕ್ಕ ಈಗ ಬುದ್ಧಿ ಬಂತು," ಎಂದೆ.